ಪ್ರದರ್ಶನದ ಪಟ್ಟಿ ಬಂದಾಗ ಮೊದಲು ಏನು ನೋಡಬೇಕು

ಬೆಂಗಳೂರಿನ ಗ್ಯಾಲರಿಗಳು ಮುಂದಿನ ತಿಂಗಳುಗಳ ಪ್ರದರ್ಶನದ ಪಟ್ಟಿ ಹಾಕಿದ ಕೂಡಲೇ ನಾನು ಅದನ್ನು ದಾವಣಗೆರೆಯ ಗೆಳೆಯರಿಗೆ ಕಳಿಸುತ್ತೇನೆ. ಪ್ರತಿ ಸಲ ಬರುವ ಉತ್ತರ ಒಂದೇ. "ಮಾಡರ್ನ್ ಆರ್ಟು ನಮಗೆಲ್ಲಿ ಅರ್ಥ ಆಗುತ್ತೆ, ಬಿಡಪ್ಪ." ಇದಕ್ಕೆ ಮೆಸೇಜಿನಲ್ಲಿ ಉತ್ತರ ಕೊಡೋಕೆ ಆಗಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಪ್ರದರ್ಶನ ಮುಗಿಯುವ ತಾರೀಕು. ಉದ್ಘಾಟನೆ ದಿನ ಜನ ಜಾಸ್ತಿ, ಭಾಷಣ ಜಾಸ್ತಿ, ಊರಿಂದ ಅಷ್ಟು ದೂರ ಹೋದವರಿಗೆ ಕೃತಿ ನೆಟ್ಟಗೆ ಕಾಣುವುದೇ ಇಲ್ಲ. ಎರಡನೆಯದು, ಕೃತಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತಲ್ಲ, ಯಾವುದರಿಂದ ಮಾಡಿದ್ದು ಅಂತ, ಆ ಸಾಲು. ಕಲಾವಿದರ ಬಗ್ಗೆ ಬರೆದಿರುವ ದೊಡ್ಡ ದೊಡ್ಡ ಮಾತು ಆಮೇಲೆ ಓದಿದರೂ ನಡೆಯುತ್ತೆ. ಈ ಸಾಲನ್ನು ಮಾತ್ರ ಬಿಡಬೇಡಿ.

ಯಾಕೆ ಅಂತ ಹೇಳ್ತೀನಿ. ಶೀಲಾ ಗೌಡ ಅಂತ ಕಲಾವಿದೆ ಇದ್ದಾರೆ. 1957ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಭದ್ರಾವತಿಯಲ್ಲಿ. ಮೊದಲು ಚಿತ್ರ ಬರೆಯುತ್ತಿದ್ದರು, 1990ರ ದಶಕದಲ್ಲಿ ಬಣ್ಣ ಬಿಟ್ಟು ಸಗಣಿಯಲ್ಲಿ ಕೆಲಸ ಶುರು ಮಾಡಿದರು. ಅವರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' (ನನ್ನ ನೋವನ್ನು ಅವನಿಗೆ ಹೇಳು) ಅನ್ನೋ ಕೃತಿಗೆ ಬಳಸಿರುವುದು ದಾರ, ಸೂಜಿ, ಕುಂಕುಮ, ಅಂಟು, ಇಷ್ಟೇ. ಮೀಟರ್‌ಗಟ್ಟಲೆ ಉದ್ದದ ಒಂದೊಂದು ಎಳೆಯನ್ನೂ ಸೂಜಿಯ ಕಣ್ಣಿಗೆ ಪೋಣಿಸಿ, ಸೂಜಿ ನಟ್ಟನಡುವೆ ಬರುವವರೆಗೂ ಎಳೆದು, ಅಂಥ ಎಷ್ಟೋ ಎಳೆಗಳನ್ನು ಸೇರಿಸಿ, ಕುಂಕುಮ ಕಲಸಿದ ಅಂಟು ಸವರಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗ ಗೋಡೆ ಮೇಲೆ, ನೆಲದ ಮೇಲೆ ಸುತ್ತಿಕೊಂಡು ಹೋಗಿ, ಕೊನೆಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ನೇತಾಡುತ್ತವೆ. ಫೋನಿನಲ್ಲಿ ನೋಡಿದರೆ ಸುಮ್ನೆ ಕೆಂಪು ಗೆರೆ. ಎದುರಿಗೆ ನಿಂತವರಿಗೆ ಸೂಜಿ ಕಾಣುತ್ತೆ, ಒಂದೇ ದಾರ ಅಷ್ಟು ದೂರ ಎಳೆದ ಕೈಗೆ ಎಷ್ಟು ನೋವಾಗಿರಬೇಕು ಅನ್ನುವುದೂ ಗೊತ್ತಾಗುತ್ತೆ. ಹತ್ತಿ ಮಿಲ್ಲುಗಳಿಂದ ಬೆಳೆದ ಊರು ನಮ್ಮದು, ಮನೆಮನೆಯಲ್ಲೂ ಸೂಜಿ ದಾರ ಹಿಡಿದ ಹೆಣ್ಣುಮಕ್ಕಳಿದ್ದಾರೆ. ಇದು ಅರ್ಥ ಆಗಲ್ಲ ಅಂದರೆ ನಾನು ಒಪ್ಪಲ್ಲ.

ಇನ್ನೊಂದು ಅವರದೇ, 'ಬಿಹೋಲ್ಡ್' ಅಂತ. ಇಟಲಿಯ ವೆನಿಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ಇಟ್ಟಿದ್ದರು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗ, ಅದರಲ್ಲಿ ತೂಗುಬಿಟ್ಟ ಕಾರಿನ ಬಂಪರ್‌ಗಳು. ಗಾಡಿಗೆ ದೃಷ್ಟಿ ಆಗದಿರಲಿ ಅಂತ ಬಂಪರ್‌ಗೆ ಕಟ್ಟುವ ಕರಿ ಹಗ್ಗ ಅದು. ಲಂಡನ್ನಿನವರಿಗೆ ಅದನ್ನು ಬೋರ್ಡಿನಲ್ಲಿ ಬರೆದು ವಿವರಿಸಬೇಕು. ನಮ್ಮ ಲಾರಿ ಡ್ರೈವರ್‌ಗಳಿಗೆ ಯಾರು ವಿವರಿಸಬೇಕು ಹೇಳಿ?

ಮೈಸೂರಿನ ಎನ್.ಎಸ್. ಹರ್ಷ ಅವರೂ ಹೊಲಿಗೆ ಮಷಿನ್‌ಗಳನ್ನು ಸಾಲಾಗಿ ಜೋಡಿಸಿ, ಒಂದೊಂದರಲ್ಲೂ ಒಂದೊಂದು ದೇಶದ ಬಾವುಟ ಇಟ್ಟು ಕೃತಿ ಮಾಡಿದ್ದಾರೆ. ಟೈಲರ್ ಅಂಗಡಿಯಲ್ಲಿ ಕೂತು ದುಡಿದವರು ಅದನ್ನು ನನಗಿಂತ ಚೆನ್ನಾಗಿ ನೋಡುತ್ತಾರೆ.

ಹೋಗುವವರಿಗೆ ಎರಡು ಮಾತು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್‌ಗೂ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ) ಸೋಮವಾರ ರಜೆ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್. ಒಂದೇ ದಿನಕ್ಕೆ ನಾಲ್ಕೈದು ಕಡೆ ಸುತ್ತಬೇಡಿ, ಕಣ್ಣು ಸೋತುಹೋಗುತ್ತೆ. ಒಂದೇ ಪ್ರದರ್ಶನ ಸಾಕು. ಅದರಲ್ಲೂ ಹಿಡಿಸಿದ ಒಂದು ಕೃತಿಯ ಮುಂದೆ ಜಾಸ್ತಿ ಹೊತ್ತು ನಿಲ್ಲಿ.

ಅಷ್ಟು ದೂರ ಆಗಲ್ಲ ಅಂದರೆ ಊರಲ್ಲೇ ಇದೆಯಲ್ಲ, 1964ರಿಂದ ನಡೆಯುತ್ತಿರುವ ನಮ್ಮ ದೃಶ್ಯಕಲಾ ಮಹಾವಿದ್ಯಾಲಯ! ಎಷ್ಟೋ ವರ್ಷದಿಂದ ದಾವಣಗೆರೆಯಲ್ಲೇ ಇದ್ದು ಒಂದು ಸಲವೂ ಆ ಗೇಟಿನ ಒಳಗೆ ಹೋಗದವರು ತುಂಬ ಜನ ಇದ್ದಾರೆ, ನನಗೆ ಬೇಜಾರು ಅದೇ. ವಿದ್ಯಾರ್ಥಿಗಳು ಪ್ರದರ್ಶನ ಇಟ್ಟಾಗ ಹೋಗಿ, ಮಾಡಿದವರೇ ಅಲ್ಲಿ ಸಿಗುತ್ತಾರೆ. ಇದರ ಅರ್ಥ ಏನಪ್ಪಾ ಅಂತ ಕೇಳಿದರೆ ಪಾಪ ಆ ಹುಡುಗ ತಡವರಿಸಬಹುದು. ಯಾವುದರಿಂದ ಮಾಡಿದೆ, ಎಲ್ಲಿಂದ ತಂದೆ, ಎಷ್ಟು ದಿನ ಹಿಡಿಯಿತು ಅಂತ ಕೇಳಿ ನೋಡಿ. ಆಮೇಲೆ ಅವನ ಮಾತು ನಿಲ್ಲಲ್ಲ.