ಚಾಪೆಲ್ ಪೆಟ್ಟಿಗೆ ಸೇರಿದ ದಿನ

ನೌಕಾನೆಲೆಯಿಂದ ನಿವೃತ್ತರಾಗಿ ಶಿರಸಿ ಕಡೆ ಹೊರಟ ಹಿರಿಯರಿಗೆ ಶಾಲು, ಹಣ್ಣಿನ ಬುಟ್ಟಿ ಬೇಡ, ಚಾಪೆಲ್ ಹಡಗಿನ ಮಾದರಿಯನ್ನೇ ಕೊಡೋಣ ಎಂದು ಮೊದಲೇ ಠರಾಯಿಸಿ ಆಗಿತ್ತು. ಜೋಡಣೆ, ಬಣ್ಣ ಎರಡೂ ಬೇಸಿಗೆಯಲ್ಲೇ ಮುಗಿದಿದ್ದವು. ಬಾಕಿ ಇದ್ದದ್ದು ಪೀಠಕ್ಕೆ ಕೂರಿಸಿ ಅಕ್ರಿಲಿಕ್ ಪೆಟ್ಟಿಗೆ ಮುಚ್ಚುವ ಕೆಲಸ. ಅದಕ್ಕೆ ಒದಗಿದ್ದು ಜುಲೈ ತಿಂಗಳ, ಬೆಳಗಿನಿಂದ ಹನಿ ಕಡಿಯದ ಒಂದು ಭಾನುವಾರ. ಕಾರವಾರದಲ್ಲಿ ಮಾದರಿಗಳು ಕೈಜಾರಿ ಬಿದ್ದು ಹಾಳಾಗುವುದು ಕಡಿಮೆ. ಅವಸರದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಕೂತಲ್ಲೇ ಹಾಳಾಗುವುದೇ ಹೆಚ್ಚು.

ಚಾಪೆಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. ಮರುವರ್ಷದಿಂದ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿದೆ. ಉದ್ದ 38.6 ಮೀಟರ್. 1:72ರ ಅಳತೆಯಲ್ಲಿ ಅದು ಸುಮಾರು 54 ಸೆಂ.ಮೀ., 1:350ರಲ್ಲಿ 11, 1:700ರಲ್ಲಿ ಐದೂವರೆ. ಸುಮಾರು 284 ಮೀಟರ್ ಉದ್ದದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ 1:700ರಲ್ಲೇ 40 ಸೆಂ.ಮೀ. ದಾಟುತ್ತದೆ. ಎರಡನ್ನೂ ಪಕ್ಕಪಕ್ಕ ಇಡುವ ಆಸೆ ಇದ್ದವರು ಮೊದಲೇ 1:700 ಹಿಡಿಯಬೇಕು. ಒಂಟಿ ಉಡುಗೊರೆಗೆ 1:72 ಚೆಂದ, ಆದರೆ ಪಡೆಯುವವರ ಮನೆಯಲ್ಲಿ 65 ಸೆಂ.ಮೀ. ಉದ್ದದ ಖಾಲಿ ಹಲಗೆ ಇದೆಯೇ ಎಂದು ಹೇಗಾದರೂ ಮಾಡಿ ತಿಳಿದುಕೊಂಡಿರಬೇಕು. ಇಲ್ಲದಿದ್ದರೆ ಉಡುಗೊರೆ ಅಟ್ಟ ಸೇರುತ್ತದೆ.

ಕಿಟ್, ಅಂದರೆ ಜೋಡಿಸುವ ಬಿಡಿಭಾಗಗಳ ಕಟ್ಟು, ಕೊಳ್ಳುವಾಗ ನೋಡಬೇಕಾದ್ದು ಇನ್ನೊಂದು. ಚಾಪೆಲ್ ರಷ್ಯದ ಓಸಾ ಮಾದರಿಯ ಕ್ಷಿಪಣಿ ದೋಣಿ. 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿಗೆ ಹೋದವು ಓಸಾ-1. ಅವುಗಳ ಕ್ಷಿಪಣಿ ಗೂಡುಗಳು ಚೌಕ ಪೆಟ್ಟಿಗೆಯಂತಿವೆ. ಚಾಪೆಲ್ ಓಸಾ-2. ಅದರ ನಾಲ್ಕೂ ಗೂಡುಗಳು ದುಂಡನೆಯ ಕೊಳವೆಗಳು. ಚೌಕ ಗೂಡಿನ ಮೇಲೆ ಚಾಪೆಲ್ ಎಂದು ಬರೆದು ಕೊಟ್ಟರೆ ನೌಕಾಪಡೆಯವರು ಸೌಜನ್ಯಕ್ಕೆ ನಗುತ್ತಾರೆ, ಅಷ್ಟೆ. ಕಡಲತೀರಕ್ಕೆ ಹೋಗಿ ಗೂಡಿನ ಆಕಾರ, ಮೈಮೇಲಿನ ನಂಬರು, ಬಣ್ಣ ಎಲ್ಲ ಮೊಬೈಲಿನಲ್ಲಿ ತೆಗೆದುಕೊಂಡು ಬಂದರೆ ಅರ್ಧ ತಕರಾರು ಮುಗಿದಂತೆ.

ಪೀಠ ಹಲಸಿನದು, 20 ಮಿ.ಮೀ. ದಪ್ಪ. ಆಚಾರಿ ಬಂದವರೇ ಹಲಗೆ ಮಗುಚಿ ನೋಡಿದರು. “ಅಡಿಗೂ ವಾರ್ನಿಶ್ ಹೊಡೆದೀರಲ್ಲ, ಸಾಕು. ಮೇಲೊಂದೇ ಹೊಡೆದ್ರೆ ಮಳೆಗಾಲದಲ್ಲಿ ಹಲಗೆ ದೋಣಿ ಆಗ್ತದೆ.” ಕಾರಣ ಸರಳ: ಬಿಟ್ಟ ಮುಖ ತೇವ ಕುಡಿದು ಉಬ್ಬುತ್ತದೆ, ವಾರ್ನಿಶ್ ಮುಖ ಉಬ್ಬುವುದಿಲ್ಲ, ಹಲಗೆ ಬಾಗುತ್ತದೆ. ಆರೂ ಮುಖಕ್ಕೆ ಹೊಡೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗಿಡಬೇಕು. ಪ್ಲೈವುಡ್, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ. ಅವು ಬಿಡುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಸೀಸ ಬೆರೆತ ಲೋಹದ ಬೊಂಬೆಗಳ ಮೇಲೆ ಬಿಳಿ ಪುಡಿ ಏಳಿಸುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಕೂಡ ಅದೇ ಜಾತಿ.

ಪೆಟ್ಟಿಗೆ 4 ಮಿ.ಮೀ. ಅಕ್ರಿಲಿಕ್. ಪೀಠದಲ್ಲಿ ನಾಲ್ಕೂವರೆ ಮಿ.ಮೀ. ಅಗಲದ ತೋಡು ಕೊರೆದಿತ್ತು. ಹಾಳೆಯ ಅಳತೆಗೇ ಕೊರೆದರೆ ಮಳೆಗಾಲದಲ್ಲಿ ಮರ ಉಬ್ಬಿ ಪೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯವರು ಮೂಲೆಗಳನ್ನು ಕ್ಲೋರೋಫಾರ್ಮ್‌ನಲ್ಲಿ ಕೂಡಿಸುತ್ತಾರೆ. ಆ ಆವಿ ಆರುವ ಮೊದಲು ಮಾದರಿ ಒಳಗಿಟ್ಟರೆ ಪ್ಲಾಸ್ಟಿಕ್ಕಿನ ಮೇಲ್ಮೈ ಮೆತ್ತಗಾಗುತ್ತದೆ. ಎರಡು ದಿನ ಬೋರಲು ಹಾಕದೆ, ಬಾಯಿ ತೆರೆದು ಅಡ್ಡ ಮಲಗಿಸಿ ಇಟ್ಟಿರಬೇಕು. ಅಕ್ರಿಲಿಕ್ಕಿನ ಒಳಮೈ ಕಾಗದವನ್ನು ಮುಚ್ಚುವ ಗಳಿಗೆಯವರೆಗೂ ಕೀಳಬಾರದು. ಕಿತ್ತ ಕೂಡಲೇ ಹಾಳೆ ಧೂಳು ಎಳೆಯುತ್ತದೆ.

ಮಧ್ಯಾಹ್ನ ಹಡಗಿನ ಅಂಚಿನ ಕಂಬಿಬೇಲಿಯ ಒಂದು ತುಂಡು ಬಿಟ್ಟುಕೊಂಡಿತು. ಕೈಗೆ ಮೊದಲು ಸಿಗುವುದು ಕ್ಷಣದಲ್ಲಿ ಅಂಟುವ ಫೆವಿಕ್ವಿಕ್ ಜಾತಿಯ ಗೋಂದು, ಮುಟ್ಟಬಾರದ್ದೂ ಅದೇ. ಅದರ ಆವಿ ಗಾಳಿಯ ತೇವದೊಡನೆ ಕೂಡಿ, ಸುತ್ತಲಿನ ಬಣ್ಣದ ಮೇಲೂ ಪೆಟ್ಟಿಗೆಯ ಒಳಮೈಗೂ ಬಿಳಿ ಮಂಜು ಹಿಡಿಸುತ್ತದೆ. ಮಳೆಗಾಲದ ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು. ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ, ಸೂಜಿ ಮೊನೆಯಲ್ಲಿ ಒಂದೊಂದೇ ಚುಕ್ಕಿ ಇಟ್ಟು ರಾತ್ರಿಯಿಡೀ ಬಿಡುವುದೇ ದಾರಿ. ಕಿಟಕಿಗಳಿಗೆ ಬಿಳಿ ಫೆವಿಕಾಲ್ ಸಾಕು. ಸ್ಪ್ರೇ ಬಣ್ಣದ ತೇಪೆಯನ್ನೂ ಆ ದಿನ ಮುಟ್ಟುವಂತಿರಲಿಲ್ಲ: ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ತೇವ ಕೂತು ಬಣ್ಣ ಬೂದಿಯಾಗುತ್ತದೆ. ಆಂಟೆನಾ ತಂತಿಗೆ ಹತ್ತಿ ನೂಲು ಕಟ್ಟುವವರಿದ್ದಾರೆ. ತೇವ ಹಿಡಿದರೆ ನೂಲು ಬಿಗಿದು ಕಂಬವನ್ನೇ ಬಗ್ಗಿಸುತ್ತದೆ. ಕಿಟ್ಟಿನ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಕಾಸಿ ಎಳೆದ ಎಳೆ ಒಳ್ಳೆಯದು.

ಅಂತೂ ಮುಚ್ಚಿದ್ದು ಮರುದಿನ. ಹಡಗಿನ ಒಡಲಲ್ಲಿ ಮೊದಲೇ ಕೂರಿಸಿದ್ದ ನಟ್ಟುಗಳಿಗೆ ಪೀಠದಡಿಯಿಂದ 3 ಮಿ.ಮೀ. ಹಿತ್ತಾಳೆ ಬೋಲ್ಟು ಎರಡು ಹಾಕಿ ಬಿಗಿದಾಯಿತು. ಕಬ್ಬಿಣದ್ದಾದರೆ ಎರಡು ಮಳೆಗಾಲಕ್ಕೆ ತುಕ್ಕು. ಪೀಠದ ಕುಳಿಯಲ್ಲಿ ತೇವ ಹೀರುವ 50 ಗ್ರಾಂ ಕಿತ್ತಳೆ ಸಿಲಿಕಾ ಜೆಲ್. 62×18×26 ಸೆಂ.ಮೀ. ಪೆಟ್ಟಿಗೆಯ ಗಾಳಿಯಲ್ಲಿ ಎಷ್ಟೇ ತೇವವಿದ್ದರೂ ನೀರು ಒಂದು ಗ್ರಾಂ ತೂಗದು. ಜೆಲ್ ದಣಿಯುವುದು ತೋಡಿನ ಸಂದಿಯಿಂದ ಸೋರಿ ಬರುವ ತೇವಕ್ಕೆ. ಅಂದಹಾಗೆ, ಶಿರಸಿಯ ಗುಡಿಗಾರರು ಕೆತ್ತಿದ ಗಂಧದ, ಶಿವನೆ ಮರದ ಮೂರ್ತಿಗಳಿಗೆ ಈ ಉಪಚಾರ ಬೇಡ. ವಿಪರೀತ ಒಣಗಿಸಿದರೆ ಮರ ಸೀಳುತ್ತದೆ. ಗಂಧಕ್ಕೆ ವಾರ್ನಿಶ್ಶಂತೂ ಬೇಡವೇ ಬೇಡ, ಪರಿಮಳವೇ ಕಟ್ಟಿಹೋಗುತ್ತದೆ.

ದೇವಿಮನೆ ಘಟ್ಟದ ತಿರುವುಗಳಿಗೆ ಹೆದರಿ ಮಾದರಿಗೆ ಹತ್ತಿ, ಕಾಗದ ತುರುಕುವುದು ಕಂಬಿಬೇಲಿ ಮುರಿಯುವ ಹಾದಿ. ಬೋಲ್ಟು ಹಿಡಿದಿರುತ್ತದೆ. ಪೆಟ್ಟಿಗೆಯ ಹೊರಗಷ್ಟೇ ಥರ್ಮೋಕೋಲ್ ಸಾಕು. ಪೀಠದಡಿ ಒಂದು ಚೀಟಿ ಅಂಟಿಸಿ ಕೊಟ್ಟಾಯಿತು: ಜೆಲ್ ಹಸಿರಾದರೆ ಓವನ್ನಿನಲ್ಲಿ 110 ಡಿಗ್ರಿಗೆ ಎರಡು ತಾಸು ಕಾಸಿ, ಕಿತ್ತಳೆಯಾದ ಮೇಲೆ ಆರಿಸಿ ಹಾಕಿ. ಬಿಸಿಲು ಬೀಳುವ ಕಿಟಕಿ ಬೇಡ. ಗಾಜು ಒರೆಸುವ ನೀಲಿ ದ್ರವ ತಾಗಿಸಬೇಡಿ, ಅಕ್ರಿಲಿಕ್ ಬಿರಿಯುತ್ತದೆ. ನೀರಲ್ಲಿ ಹಿಂಡಿದ ಮೆತ್ತನೆ ಬಟ್ಟೆ ಸಾಕು.