ಹೋರ್ನ್ಸ್‌ಗಾತನ್ ಗೂನಿನ ಮೇಲೊಂದು ಎಚಿಂಗ್

ಸ್ಟಾಕ್‌ಹೋಮಿನ ಸ್ಲುಸೆನ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದು ಪಶ್ಚಿಮಕ್ಕೆ ತಿರುಗಿದರೆ ಹೋರ್ನ್ಸ್‌ಗಾತನ್ ಬೀದಿ ಎರಡಾಗುತ್ತದೆ. ವಾಹನಗಳದ್ದು ಕೆಳಗೆ, ನಡೆಯುವವರದ್ದು ಮೇಲೆ ಉಬ್ಬಿದ ದಿಬ್ಬದಲ್ಲಿ. ಊರವರು ಅದಕ್ಕೆ 'ಪುಕೆಲ್ನ್' ಎನ್ನುತ್ತಾರೆ, ಅಂದರೆ ಗೂನು. ಮುದ್ರಣ ಕಲಾವಿದರು 1910ರಲ್ಲಿ ಕಟ್ಟಿದ ಸಂಘ 'ಗ್ರಾಫಿಸ್ಕಾ ಸೆಲ್‌ಸ್ಕಾಪೆತ್'ನ ಗ್ಯಾಲರಿ ಇಲ್ಲೇ, 6ನೇ ನಂಬರಿನಲ್ಲಿದೆ. ಮ್ಯೂಸಿಯಮ್ಮಿನಲ್ಲಿರುವ ವಾಸಾ ಹಡಗು, ಹಳೆ ಪಟ್ಟಣ ಗಮ್ಲಾ ಸ್ತಾನ್ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ಅವನ್ನು ನೋಡಿದ ಎರಡು ದಿನಗಳನ್ನು ಬಿಟ್ಟುಬಿಡೋಣ.

ಹತ್ತಿರದ ಇನ್ನೊಂದು ಹಳೆ ಅಂಗಡಿಯ ಅಗಲವಾದ ಡ್ರಾಯರ್‌ನಿಂದ ಹೊರಬಂದ ಹಾಳೆಯೇ ಇಲ್ಲಿಯ ವಿಷಯ. ಅದೊಂದು ಎಚಿಂಗ್, ಅಂದರೆ ಆಮ್ಲದಿಂದ ಕೊರೆದ ಲೋಹದ ಪ್ಲೇಟಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಚಿತ್ರ. ಕಡುನೀಲಿಯ ತಳ, ಅದರ ಮೇಲೆ ಕಿತ್ತಳೆ, ಅಂಚುಗಳಲ್ಲಿ ಪಾಚಿ ಹಸಿರು. ಮರವಲ್ಲ, ಮನೆಯಲ್ಲ, ಏನೂ ಅಲ್ಲ. ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ ಸಂಖ್ಯೆ, ಬಲಕ್ಕೆ ಸಹಿ. ಎಷ್ಟು ಪ್ಲೇಟ್ ಬಳಸಿದ್ದಾರೆಂದು ಕೇಳಿದ್ದಕ್ಕೆ ಅಂಗಡಿಯ ಹಿರಿಯರು ಹಾಳೆಯನ್ನು ಕಿಟಕಿಯ ಪಕ್ಕಕ್ಕೆ ಒಯ್ದು ಬೆಳಕಿಗೆ ಓರೆಯಾಗಿ ಹಿಡಿದರು.

"ನೀವೇ ಎಣಿಸಿ."

ನಾಲ್ಕೂ ಕಡೆ ಕಾಗದ ತಗ್ಗಾದ ಅಂಚು ಒಂದೇ ಒಂದು. ಬಣ್ಣಕ್ಕೊಂದು ಪ್ಲೇಟ್ ಬಳಸಿ ಮತ್ತೆ ಮತ್ತೆ ಒತ್ತಿದ್ದರೆ ಅಂಚು ಕೂದಲೆಳೆಯಷ್ಟಾದರೂ ಜೋಡಿಯಾಗುತ್ತಿತ್ತು.

"ಮೂರು ಬಣ್ಣ, ಒಂದು ತಾಮ್ರ, ಪ್ರೆಸ್ಸಿನಲ್ಲಿ ಒಂದೇ ಸಲ. ಪ್ಯಾರಿಸ್ಸಿನಿಂದ ಬಂದ ವಿದ್ಯೆ."

ಪ್ಯಾರಿಸ್ ಎಂದರೆ ಬ್ರಿಟಿಷ್ ಕಲಾವಿದ ಸ್ಟ್ಯಾನ್ಲಿ ವಿಲಿಯಂ ಹೇಟರ್ 1927ರಲ್ಲಿ ಕಟ್ಟಿದ, ಮುಂದೆ 'ಅತೆಲಿಯೆ 17' ಎಂದು ಹೆಸರಾದ ಕಾರ್ಯಾಗಾರ. ಈ ವಿದ್ಯೆಯನ್ನು ಅಲ್ಲಿ ಕಟ್ಟಿ ಬೆಳೆಸಿದವರಲ್ಲಿ ನಮ್ಮ ನೆರೆಯ ಚಿತ್ತೂರು ಸೀಮೆಯ ಕಲಾವಿದ ಕೃಷ್ಣಾ ರೆಡ್ಡಿ ಒಬ್ಬರು. ಇದರ ಗುಟ್ಟು ಶಾಯಿಯ ಜಿಗುಟಿನಲ್ಲಿದೆ. ಪ್ಲೇಟನ್ನು ಆಮ್ಲದಲ್ಲಿ ಹಲವು ಮಟ್ಟಕ್ಕೆ ಆಳವಾಗಿ ಕೊರೆಯುತ್ತಾರೆ. ಮೊದಲು ಗಟ್ಟಿ ಶಾಯಿಯನ್ನು ಗೀರುಗಳಿಗೆ ತುಂಬಿ, ಗಂಜಿ ಹಾಕಿದ ಜಾಳುಬಟ್ಟೆಯಿಂದ ಮೇಲ್ಮೈ ಒರೆಸಬೇಕು. ಅಗಸೆ ಎಣ್ಣೆ ಹೆಚ್ಚು ಬೆರೆಸಿ ತೆಳುವಾಗಿಸಿದ ಎರಡನೇ ಶಾಯಿಯನ್ನು ಗಡುಸು ರೋಲರ್‌ನಿಂದ ಹಚ್ಚಿದರೆ ಅದು ಎತ್ತರದ ಭಾಗಗಳನ್ನು ಮಾತ್ರ ಮುಟ್ಟುತ್ತದೆ. ಮೂರನೆಯದು ಎಣ್ಣೆ ಕಡಿಮೆಯ ಜಿಗುಟು ಶಾಯಿ. ಮೆತ್ತನೆಯ ರೋಲರ್ ಅದನ್ನು ತಗ್ಗಿಗೂ ಇಳಿಸುತ್ತದೆ, ಆದರೆ ಎಣ್ಣೆಯಿರುವ ಜಾಗ ಅದನ್ನು ಹತ್ತಿರ ಸೇರಿಸುವುದಿಲ್ಲ.

ಕೆಡುವುದೂ ಇಲ್ಲೇ. ಎರಡು ಶಾಯಿಗಳ ಜಿಗುಟಿನ ನಡುವೆ ಸಾಕಷ್ಟು ಅಂತರವಿಲ್ಲದಿದ್ದರೆ ಬಣ್ಣ ಬೆರೆತು ರಾಡಿಯಾಗುತ್ತದೆ. ರೋಲರ್‌ನ ಸುತ್ತಳತೆ ಪ್ಲೇಟಿಗಿಂತ ಚಿಕ್ಕದಾದರೆ ಎರಡನೇ ಸುತ್ತು ಶುರುವಾದಲ್ಲಿ ಅಡ್ಡಗೆರೆ ಬೀಳುತ್ತದೆ. ತಾಮ್ರದ ಬದಲು ಸತು ಬಳಸಿದರೆ ಹಳದಿ, ಬಿಳಿ ಮಂಕಾಗುತ್ತವೆ. ಪ್ರತಿ ಪ್ರತಿಗೂ ಶಾಯಿಯ ಕೆಲಸ ಮೊದಲಿನಿಂದ ಆಗಬೇಕಾದ್ದರಿಂದ 12/60 (ಅರವತ್ತು ಪ್ರತಿಗಳಲ್ಲಿ ಹನ್ನೆರಡನೆಯದು) ಮತ್ತು 13/60 ತದ್ರೂಪ ಇರುವುದಿಲ್ಲ. ಡ್ರಾಯರ್‌ನಲ್ಲಿ ಎರಡು ಪ್ರತಿಗಳಿದ್ದರೆ ಎರಡನ್ನೂ ತೆಗೆಸಿ ನೋಡಿ. ಚಿಕ್ಕ ಸಂಖ್ಯೆಗೆ ಹೆಚ್ಚು ದುಡ್ಡು ಕೊಡುವುದು ಶುದ್ಧ ಮೂಢನಂಬಿಕೆ. ಸಂಖ್ಯೆ ಬರೆದದ್ದು ಒತ್ತಿದ ಕ್ರಮದಲ್ಲೇ ಎಂದೇನಿಲ್ಲ.

ಸಹಿಯೊಂದನ್ನೇ ನಂಬಬೇಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಜೇಬಿನಲ್ಲಿರಲಿ. ಬಣ್ಣ ಸಾಲುಸಾಲು ಚುಕ್ಕಿಗಳಾಗಿ ಒಡೆದರೆ ಅದು ಯಂತ್ರದಲ್ಲಿ ಅಚ್ಚಾದ ಆಫ್‌ಸೆಟ್ ಪೋಸ್ಟರ್, ಸಹಿ ಅಸಲಿಯಾದರೂ ಅಷ್ಟೇ. ನಿಜವಾದ ಎಚಿಂಗ್‌ನಲ್ಲಿ ಶಾಯಿ ಕಾಗದದ ಮೇಲೆ ಉಬ್ಬಿ ನಿಲ್ಲುತ್ತದೆ. ಅಂಗಡಿಯ ಚೀಟಿಯಲ್ಲಿ 'ಫೆರ್ಯ್‌ಎತ್ಸ್‌ನಿಂಗ್' ಎಂದರೆ ಬಣ್ಣದ ಎಚಿಂಗ್, 'ಇ.ಎ.' ಎಂದರೆ ಕಲಾವಿದರ ಸ್ವಂತ ಪ್ರತಿ. 'ಬೀಲ್ಡ್‌ಯೂತಾ' ಎಂದು ಕೊಟ್ಟ ಅಳತೆ ಚಿತ್ರದ್ದು ಮಾತ್ರ, ಹಾಳೆಯದ್ದಲ್ಲ. ಅದನ್ನು ನೋಡಿ ಕೊಂಡ ರಟ್ಟಿನ ಚೀಲ ಎರಡೂ ಬದಿ ನಾಲ್ಕು ಬೆರಳು ಸಾಲದೆ ಹೋಯಿತು.

ಆಮೇಲಾದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೇರೆ ದಾರಿಯಿಲ್ಲದೆ ಹಾಳೆಯನ್ನು ಸಣ್ಣ ಕೊಳವೆಯಲ್ಲಿ ಬಿಗಿಯಾಗಿ ಸುತ್ತಿದ್ದಾಯಿತು. ಬಿಚ್ಚಿದಾಗ ದಪ್ಪ ಶಾಯಿಯಿದ್ದ ಕಡೆ ನವಿರಾದ ಬಿರುಕು, ಪ್ಲೇಟಿನ ಅಂಚು ಚಪ್ಪಟೆ. ಎಚಿಂಗನ್ನು ಸುತ್ತಲೇಬಾರದು. ಆಮ್ಲವಿಲ್ಲದ ತೆಳು ಕಾಗದ ಹೊದಿಸಿ, ಹಾಳೆಗಿಂತ ಎಲ್ಲ ಬದಿಯಲ್ಲೂ 5 ಸೆಂ.ಮೀ. ದೊಡ್ಡದಾದ ಎರಡು ಗಟ್ಟಿ ಫಲಕಗಳ ನಡುವೆ ಇಟ್ಟು ಕಟ್ಟಿ. ಕಸ್ಟಮ್ಸ್‌ಗಾಗಿ ಬಿಲ್ಲಿನಲ್ಲಿ 'ಕಲಾವಿದರು ಕೈಯಿಂದ ಮಾಡಿದ ಪ್ಲೇಟಿನ ಮೂಲ ಮುದ್ರಣ' ಎಂದು ಬರೆಸಿಕೊಳ್ಳಿ. ಮೂಲ ಮುದ್ರಣಗಳಿಗಿರುವ ಕಸ್ಟಮ್ಸ್ ಪಟ್ಟಿಯ 9702 ಶೀರ್ಷಿಕೆ ಯಾಂತ್ರಿಕ, ಛಾಯಾಮುದ್ರಣದ ಪ್ರತಿಗಳಿಗೆ ಅನ್ವಯಿಸುವುದಿಲ್ಲ.

ಫ್ರೇಮ್ ಅಂಗಡಿಯಲ್ಲಿ ಸೆಲೊ ಟೇಪ್ ಕಂಡರೆ ಹಾಳೆ ಎತ್ತಿಕೊಂಡು ಹೊರಡಿ. ಹಾಳೆಯನ್ನು ಹಿಡಿಸಲು ಜಪಾನಿ ಕಾಗದದ ಎರಡು ಪಟ್ಟಿ, ಗೋಧಿ ಹಿಟ್ಟಿನ ಅಂಟು ಸಾಕು, ಅದೂ ಮೇಲಂಚಿಗೆ ಮಾತ್ರ. ಗಾಜು ಶಾಯಿಗೆ ತಾಗದಂತೆ ನಡುವೆ ಹತ್ತಿ ರಟ್ಟಿನ ಚೌಕಟ್ಟಿರಲಿ. ಮಂಗಳೂರು, ಕಾರವಾರದ ಮನೆಗಳಲ್ಲಿ ಮಳೆ ಬೀಳುವ ಹೊರಗೋಡೆಗೆ ತೂಗುಹಾಕಿದರೆ ಎರಡೇ ಮಳೆಗಾಲದಲ್ಲಿ ಕಂದು ಚುಕ್ಕಿ ಏಳಬಹುದು, ಒಳಗೋಡೆಯೇ ವಾಸಿ.