ತೂಕ ಜಾಸ್ತಿ ಇರುವವರಿಗೆ ಲೋ ಡೋಸ್ ಸಿಟಿ ಸಾಕಾ?

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ಸಿಟಿ ಮಷಿನ್ ನಡೆಸುವುದು ನನ್ನ ಕೆಲಸ. ಬರುವವರಲ್ಲಿ ನಮ್ಮೂರ ಕಡೆಯ ಹೋಟೆಲಿನವರು ಬಹಳ. ದಿನವಿಡೀ ಒಲೆ ಮುಂದೆ ನಿಂತು ಬೆವರುತ್ತಾರೆ, ನೀರು ಕುಡಿಯಲು ಪುರುಸೊತ್ತಿಲ್ಲ, ಕಿಡ್ನಿಯಲ್ಲಿ ಕಲ್ಲಾಗದೆ ಇರುತ್ತದಾ? ಈಗೀಗ ಎಲ್ಲರದೂ ಒಂದೇ ಮಾತು: "ಲೋ ಡೋಸ್‌ನಲ್ಲೇ ಮಾಡಿ ಮಾರಾಯ್ರೆ." ಕೇಳುವುದು ಸರಿಯೇ. ಆದರೆ ಮೈ ದಪ್ಪ ಇರುವವರಿಗೆ ನಾನು ತಟ್ಟನೆ ಹೂಂ ಅನ್ನುವುದಿಲ್ಲ.

ಕಲ್ಲು ಹುಡುಕಲು ಮಾಡುವ ಮಾಮೂಲಿ ಸಿಟಿಯಲ್ಲಿ ಸುಮಾರು 10 ಮಿಲಿಸೀವರ್ಟ್ (ಮೈಗೆ ಬೀಳುವ ರೇಡಿಯೇಶನ್ ಅಳೆಯುವ ಮಾನ) ರೇಡಿಯೇಶನ್ ಬೀಳುತ್ತದೆ. ಲೋ ಡೋಸ್ ಅಂದರೆ 3-4ರ ಒಳಗೆ. ಯಾವ ಸ್ಕ್ಯಾನೂ ಇಲ್ಲದೆ ಸುಮ್ನೆ ಮನೆಯಲ್ಲಿ ಕೂತರೂ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಬಂದೇ ಬರುತ್ತದೆ.

ತೊಂದರೆ ಎಲ್ಲಿ ಅಂದರೆ, ಹೊಟ್ಟೆ ದಪ್ಪ ಇದ್ದಷ್ಟೂ ಕಿರಣ ಒಳಗೇ ಇಂಗಿಹೋಗಿ ಆಚೆ ಬದಿಗೆ ತಲುಪುವುದು ಕಡಿಮೆ, ಅದರ ಮೇಲೆ ಡೋಸನ್ನೂ ಇಳಿಸಿದರೆ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. 5 ಮಿ.ಮೀ. ಕಲ್ಲು ಸಾಮಾನ್ಯವಾಗಿ ಅದರಲ್ಲೂ ಸಿಗುತ್ತದೆ. 3 ಮಿ.ಮೀ.ಗಿಂತ ಚಿಕ್ಕದು, ಅದೂ ಮೂತ್ರನಾಳದ ಕೆಳತುದಿಯಲ್ಲಿ ಸೊಂಟದ ಮೂಳೆಗಳ ನಡುವೆ ಕೂತಿದ್ದರೆ, ತಪ್ಪಿಹೋಗಬಹುದು. ಅದಕ್ಕೇ ಅಮೆರಿಕದ ಯೂರಾಲಜಿಸ್ಟ್‌ಗಳ ಸಂಘ ಲೋ ಡೋಸ್‌ಗೆ ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕದ ಲೆಕ್ಕ) 30ರ ಒಳಗಿರಬೇಕು ಅಂತ ಗೆರೆ ಹಾಕಿದೆ. 170 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 87 ಕೆ.ಜಿ.

ಈಗಿನ ಮಷಿನ್‌ಗಳು ಮೈಯ ದಪ್ಪ ನೋಡಿ ತಾವೇ ಕಿರಣ ಏರಿಸಿಕೊಳ್ಳುತ್ತವೆ. ಹಾಗಾಗಿ ಹೆಸರು ಲೋ ಡೋಸ್ ಅಂತಿದ್ದರೂ 110 ಕೆ.ಜಿ.ಯವರಿಗೆ ಬೀಳುವುದು 60 ಕೆ.ಜಿ.ಯವರಿಗಿಂತ ಎಷ್ಟೋ ಜಾಸ್ತಿ. ಹೆಸರು ನಂಬಬೇಡಿ, ಡಿಎಲ್‌ಪಿ, ಅಂದರೆ ಇಡೀ ಸ್ಕ್ಯಾನಿಗೆ ಮಷಿನ್ ಕೊಟ್ಟ ಒಟ್ಟು ರೇಡಿಯೇಶನ್ನಿನ ಅಂಕಿ, ಎಷ್ಟು ಬಂತು ಅಂತ ಕೇಳಿ. ಸ್ಕ್ಯಾನ್ ಮುಗಿದಾಗ ಆ ಅಂಕಿ ನಮ್ಮ ಪರದೆ ಮೇಲೇ ಇರುತ್ತದೆ. ಅದನ್ನು 0.015ರಿಂದ ಗುಣಿಸಿದರೆ ಮಿಲಿಸೀವರ್ಟ್ ಅಂದಾಜು ಸಿಗುತ್ತದೆ, 400 ಬಂದರೆ 6. (ದಪ್ಪ ಮೈಗೆ ಈ ಲೆಕ್ಕ ಸ್ವಲ್ಪ ಹೆಚ್ಚೇ ತೋರಿಸುತ್ತದೆ.)

ಡೋಸ್ ಉಳಿಸುವುದರಲ್ಲಿ ನಮ್ಮ ಕೈಯಲ್ಲೂ ಬಹಳ ಇದೆ. ಪೇಶೆಂಟನ್ನು ಮಷಿನಿನ ಸರಿ ನಡುವೆ ಮಲಗಿಸಬೇಕು. ಕಿಡ್ನಿಯ ಮೇಲ್ತುದಿಯಿಂದ ಮೂತ್ರಕೋಶದ ಕೆಳಗಿನವರೆಗೆ ಮಾತ್ರ ತೆಗೆಯಬೇಕು, ಎದೆ ಯಾಕೆ ಬೇಕು? ರವೆಯನ್ನು ತಿಳಿಗೊಳಿಸುವ ಸಾಫ್ಟ್‌ವೇರ್ ಇದ್ದರೆ ಬಳಸಬೇಕು.

ಕೊಬ್ಬಿನಿಂದ ಒಂದು ಉಪಕಾರವೂ ಆಗುತ್ತದೆ. ಮೂತ್ರನಾಳದ ಸುತ್ತ ಕೊಬ್ಬಿದ್ದರೆ ಆ ನಾಳ ಬೇರೆಯಾಗಿ ಕಾಣುತ್ತದೆ, ಹಿಂಬಾಲಿಸಿಕೊಂಡು ಹೋಗುವುದು ಸುಲಭ. ತೀರಾ ಸಣಕಲು ಇರುವವರಲ್ಲಿ ಕರುಳು ಯಾವುದು, ನಾಳ ಯಾವುದು ಅಂತ ತಿಣುಕಬೇಕಾಗುತ್ತದೆ.

"ಹಾಗಾದ್ರೆ ಸೋನೋಗ್ರಫಿ, ಎಕ್ಸ್‌ರೇಯಲ್ಲೇ ಮುಗಿಸಬಹುದಲ್ವಾ?" ಸೋನೋಗ್ರಫಿ ಮೊದಲು ಮಾಡಿಸಿ, ರೇಡಿಯೇಶನ್ನೇ ಇಲ್ಲ. ಆದರೆ ದಪ್ಪ ಹೊಟ್ಟೆಯಲ್ಲಿ ಅದಕ್ಕೆ ಆಳದವರೆಗೆ ಕಾಣುವುದಿಲ್ಲ. ಇನ್ನು ತೂಕ ಹೆಚ್ಚಿದ್ದವರಿಗೆ ಮೂತ್ರದಲ್ಲಿ ಆಮ್ಲ ಜಾಸ್ತಿಯಾಗಿ ಯೂರಿಕ್ ಆಸಿಡ್ ಕಲ್ಲಾಗುವುದು ಹೆಚ್ಚು, ಆ ಕಲ್ಲು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಸಿಟಿಯಲ್ಲಿ ಕಾಣುತ್ತದೆ. ಆಪರೇಶನ್ ಇಲ್ಲದೆ ಔಷಧಿಯಲ್ಲೇ ಹಲವು ಸಲ ಕರಗುವ ಕಲ್ಲು ಅದು, ಗೊತ್ತಾಗದೆ ಉಳಿಯಬಾರದು.

ನನಗೆ ನಿಜವಾದ ಚಿಂತೆ ಮೊದಲ ಸ್ಕ್ಯಾನಿನದಲ್ಲ, ಮತ್ತೆ ಮತ್ತೆ ಮಾಡಿಸುವುದರದು. ಥಾಣೆಯಲ್ಲಿ ಒಂದು, ಊರಿಗೆ ಹೋದಾಗ ಒಂದು, ನೋವು ಬಂದಾಗ ಇನ್ನೊಂದು. ಹಳೆಯ ಸಿಡಿ ಜೋಪಾನವಾಗಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಕಲ್ಲು ಎಲ್ಲಿದೆ, ಎಷ್ಟಿದೆ ಅಂತ ಒಮ್ಮೆ ಗೊತ್ತಾದ ಮೇಲೆ ಮುಂದಿನದು ಸೋನೋಗ್ರಫಿಯಲ್ಲೇ ಆಗುತ್ತದಾ ಅಂತ ಕೇಳಿ. ಸಿಟಿಯೇ ಬೇಕು ಅಂದರೆ ಫೋನ್ ಮಾಡುವಾಗಲೇ ತೂಕ ಹೇಳಿಬಿಡಿ, ಮಷಿನಿನ ಟೇಬಲ್‌ಗೂ ಮಿತಿ ಇರುತ್ತದೆ.